ಭೂಮಧ್ಯರೇಖೆಯ ಹಿಮ ಹೋದ ಜಾಗದಲ್ಲಿ ಏನು ಬೆಳೆಯುತ್ತದೆ?

ಉಣಕಲ್ ದಂಡೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಈಚೆಗೆ ಆಫ್ರಿಕಾದ ಕಿಲಿಮಂಜಾರೋ ಹತ್ತಿ ಬಂದೆ. ತುದಿಯಲ್ಲಿ ಬಾವುಟ ಹಿಡಿದ ಫೋಟೋ ಹಾಕಲು ಬರೆಯುತ್ತಿಲ್ಲ. ಅದನ್ನು ಮನೆಯವರು ಈಗಾಗಲೇ ಓಣಿಗೆಲ್ಲ ಹಂಚಿಯಾಗಿದೆ. ಒಂದು ಪ್ರಶ್ನೆ ತಲೆ ತಿನ್ನುತ್ತಿದೆ, ತಿಳಿದವರು ಬಗೆಹರಿಸಬೇಕು.

5,895 ಮೀಟರ್ ಎತ್ತರದಲ್ಲಿ ನಾನು ಕಂಡ ಹಿಮನದಿ ಎಂದರೆ, ಬೂದಿ ಬಣ್ಣದ ಬರಿನೆಲದ ನಡುವೆ ಅಲ್ಲೊಂದು ಇಲ್ಲೊಂದು ನಿಂತ ಹಿಮದ ಗೋಡೆಗಳು. 1912ರ ನಕ್ಷೆಯಲ್ಲಿದ್ದ ಹಿಮದಲ್ಲಿ ಶೇ. 85ರಷ್ಟು 2007ರ ಹೊತ್ತಿಗೇ ಹೋಗಿತ್ತು ಎಂದು ಓದಿದ್ದೆ. ಆದರೆ ನನ್ನ ಪ್ರಶ್ನೆ ತುದಿಯದಲ್ಲ, ಅದಕ್ಕಿಂತ ಕೆಳಗಿನದು. ಬರಾಂಕೊ ಕಣಿವೆಯಲ್ಲಿ, ಸುಮಾರು 3,900 ಮೀಟರ್ ಎತ್ತರದಲ್ಲಿ, ಎರಡು ಮೂರು ಆಳೆತ್ತರದ ವಿಚಿತ್ರ ಗಿಡಗಳಿವೆ. ಸತ್ತ ಎಲೆಗಳು ಉದುರದೆ ಕಾಂಡದ ಉದ್ದಕ್ಕೂ ದಪ್ಪವಾಗಿ ಸುತ್ತಿಕೊಂಡಿರುತ್ತವೆ. ತುದಿಯಲ್ಲಿ ಮಾತ್ರ ಹಸಿರೆಲೆಗಳ ಗುಚ್ಛ. ಸಂಜೆ ಬಿಸಿಲು ಜಾರಿದ ಮೇಲೆ ಆ ಗುಚ್ಛ ಒಳಮುಖವಾಗಿ ಮಡಚಿಕೊಳ್ಳುವುದನ್ನು ಡೇರೆಯ ಮುಂದೆ ಕುಳಿತು ನೋಡಿದೆ.

ಜೊತೆಗಿದ್ದ ಒಬ್ಬರು, "ಹಿಮ ಕರಗಿದರೆ ಇವಕ್ಕೇ ಲಾಭ, ಮೇಲಿನ ಜಾಗವೆಲ್ಲ ಇವುಗಳದ್ದೇ" ಎಂದರು. ಇನ್ನೊಬ್ಬರು, "ಹಿಮ ಹೋದರೆ ನೀರಿಲ್ಲ, ಇವೂ ಸಾಯುತ್ತವೆ" ಎಂದರು. ಯಾರ ಮಾತು ಸರಿ?

ಎರೆಹೊಲ (ನರಗುಂದ)

ಮೊದಲನೆಯವರ ಮಾತು ಸರಿ ಎನ್ನಿಸುತ್ತದೆ. ಹಿಮ ಸರಿದರೆ ನೆಲ ಬಿಡುತ್ತದೆ, ನೆಲ ಬಿಟ್ಟರೆ ಹುಲ್ಲು ಬರುತ್ತದೆ. ಅದಕ್ಕೆ ಅಳುವುದೇಕೆ? ನಮ್ಮ ಮಲಪ್ರಭೆ ಕಣಕುಂಬಿಯ ಮಳೆಯಲ್ಲಿ ಹುಟ್ಟುವವಳು, ಹಿಮದಲ್ಲಲ್ಲ. ಕಾಲುವೆಯ ಕೊನೆಗೆ ನೀರು ಮುಟ್ಟುವುದಿಲ್ಲ ಎನ್ನುವ ಚಿಂತೆಯ ನಡುವೆ ಆಫ್ರಿಕಾದ ಹಿಮದ ಚಿಂತೆಯನ್ನೂ ನಾವೇ ಮಾಡಬೇಕೇ?

ಹಳೇ ಹುಬ್ಬಳ್ಳಿ

ಮಾಸ್ತರು ಇನ್ನೂ ಬಂದಿಲ್ಲ. ಬಂದ ಮೇಲೆ ಎಲ್ಲರಿಗೂ ಪಾಠವಿದೆ.

ಭೂಗೋಳ ಮಾಸ್ತರ (ಧಾರವಾಡ)

ಬಂದೆ. "ಇಬ್ಬರದೂ ಅರ್ಧರ್ಧ ಸರಿ" ಎಂದು ಹೇಳಿ ಜಾರಿಕೊಳ್ಳುವುದಿಲ್ಲ. ಇಬ್ಬರದೂ ತಪ್ಪು.

ಮೊದಲು ಉಷ್ಣವಲಯದ ಹಿಮ ಹೇಗೆ ಬದುಕುತ್ತದೆ ಎಂಬುದನ್ನು ತಿಳಿಯಬೇಕು. ಆಲ್ಪ್ಸ್‌ನಲ್ಲಿ ಚಳಿಗಾಲವಿಡೀ ಹಿಮ ಬಿದ್ದು ಕೂಡುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ. ಭೂಮಧ್ಯರೇಖೆಯ ಸುತ್ತ ಅಂಥ ಚಳಿಗಾಲವೇ ಇಲ್ಲ. ಜನವರಿಗೂ ಜುಲೈಗೂ ಇರುವ ಉಷ್ಣತೆಯ ಅಂತರಕ್ಕಿಂತ ಹಗಲಿಗೂ ರಾತ್ರಿಗೂ ಇರುವ ಅಂತರ ಹೆಚ್ಚು. ಸ್ವೀಡನ್ನಿನ ಸಸ್ಯವಿಜ್ಞಾನಿ ಓಲೋವ್ ಹೆಡ್‌ಬರ್ಗ್ ಪೂರ್ವ ಆಫ್ರಿಕಾದ ಶಿಖರಗಳ ಬಗ್ಗೆ, ಅಲ್ಲಿ ದಿನವೂ ಬೇಸಿಗೆ, ರಾತ್ರಿಯೂ ಚಳಿಗಾಲ ಎಂಬ ಅರ್ಥದಲ್ಲಿ ಬರೆದದ್ದು ಇದಕ್ಕೇ. ಹಾಗಾಗಿ ಹಿಮನದಿಯ ಕೆಳತುದಿ ವರ್ಷವಿಡೀ ಕರಗುತ್ತಲೇ ಇರುತ್ತದೆ. ಮೇಲಿನಿಂದ ಹೊಸ ಹಿಮ ಬೀಳುತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಉಷ್ಣತೆ ಒಂದಿಷ್ಟು ಏರಿದರೆ ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬೀಳುತ್ತದೆ. ಬಿಳಿ ಹೊದಿಕೆ ಇಲ್ಲದ ಹಳೆಯ ಕಪ್ಪು ಹಿಮ ಬಿಸಿಲನ್ನು ಇನ್ನಷ್ಟು ಹೀರಿ ಬೇಗ ಕರಗುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್‌ನಲ್ಲಿ ಎಲ್ ನಿನೋ, ಅಂದರೆ ಶಾಂತಸಾಗರದ ನೀರು ಬಿಸಿಯೇರುವ ವರ್ಷಗಳು ಹಿಮಕ್ಕೆ ಕೆಟ್ಟ ವರ್ಷಗಳು. ನರಗುಂದದವರಿಗೆ 2023ರ ಬರ ನೆನಪಿರಬೇಕು, ಅದೂ ಎಲ್ ನಿನೋ ವರ್ಷವೇ. ಸಂಬಂಧವಿಲ್ಲ ಎಂದಿರಲ್ಲ, ಅದಕ್ಕೆ ಹೇಳಿದೆ.

ಜಗತ್ತಿನ ಉಷ್ಣವಲಯದ ಹಿಮನದಿಗಳಲ್ಲಿ ಶೇ. 70ರಷ್ಟು ಇರುವುದು ಪೆರುವಿನಲ್ಲಿ. ಉಳಿದದ್ದು ಬೊಲಿವಿಯಾ, ಎಕ್ವಡಾರ್, ಕೊಲಂಬಿಯಾ, ಪೂರ್ವ ಆಫ್ರಿಕಾದ ಮೂರು ಪರ್ವತ, ಪಪುವಾದ ಪುಂಚಾಕ್ ಜಯಾ. ಬೊಲಿವಿಯಾದ ಚಕಲ್ತಾಯಾ ಒಂದು ಕಾಲದಲ್ಲಿ ಜಗತ್ತಿನ ಅತಿ ಎತ್ತರದ ಸ್ಕೀ ತಾಣ. 2009ರಲ್ಲಿ ಅಲ್ಲಿನ ಹಿಮನದಿ ಮುಗಿಯಿತು. ವೆನೆಜುವೆಲಾದಲ್ಲಿ ಉಳಿದಿದ್ದ ಕೊನೆಯದು ಹಂಬೋಲ್ಟ್ ಹಿಮನದಿ. 2024ರಲ್ಲಿ ಅದೂ ಎರಡು ಹೆಕ್ಟೇರಿಗಿಂತ ಚಿಕ್ಕದಾಗಿ, ಹಿಮನದಿ ಎನ್ನುವ ಲೆಕ್ಕದಿಂದಲೇ ಹೊರಬಿತ್ತು. ಅದಕ್ಕೆ ಸ್ವಲ್ಪ ಮೊದಲು ಅಲ್ಲಿನ ಸರ್ಕಾರ ಉಳಿದ ತುಣುಕಿನ ಮೇಲೆ ಪ್ಲಾಸ್ಟಿಕ್ ನೂಲಿನ ಹೊದಿಕೆ ಹಾಸಲು ಹೊರಟಿತ್ತು. ವಿಜ್ಞಾನಿಗಳು ತಲೆ ಚಚ್ಚಿಕೊಂಡರು.

"ಹಿಂದೆಯೂ ಹೀಗೆ ಆಗುತ್ತಿತ್ತು" ಎಂದು ಯಾರಾದರೂ ಹೇಳುವ ಮೊದಲೇ ಒಂದು ಮಾತು. ಆಂಡೀಸ್‌ನ ನಾಲ್ಕು ಹಿಮನದಿಗಳ ಅಂಚಿನಲ್ಲಿ ಈಚೆಗೆ ಬಯಲಾದ ಬಂಡೆಗಳಲ್ಲಿ ಬೆರಿಲಿಯಂ-10 ಮತ್ತು ಕಾರ್ಬನ್-14 ಅಳೆದರು. ಬಂಡೆಗೆ ಆಕಾಶ ಕಂಡರೆ ಅಂತರಿಕ್ಷದ ಕಿರಣಗಳಿಂದ ಈ ಧಾತುಗಳು ಕೂಡುತ್ತವೆ, ಹಿಮದಡಿ ಇದ್ದರೆ ಇಲ್ಲ. ಅಲ್ಲಿ ಸಿಕ್ಕದ್ದು ಬಹುತೇಕ ಸೊನ್ನೆ. ಅಂದರೆ ಕಳೆದ 11,700 ವರ್ಷಗಳಲ್ಲಿ ಅವು ಇಷ್ಟು ಚಿಕ್ಕದಾಗಿರಲೇ ಇಲ್ಲ. 2024ರಲ್ಲಿ ಪ್ರಕಟವಾದ ಕೆಲಸ ಇದು.

ಎರೆಹೊಲ (ನರಗುಂದ)

ಸರಿ ಮಾಸ್ತರೇ, ಹಿಮ ಹೋಗುತ್ತಿದೆ ಎಂದು ಒಪ್ಪಿದೆ. ಹುಲ್ಲು ಏಕೆ ಬರುವುದಿಲ್ಲ? ಅದನ್ನು ಹೇಳಲೇ ಇಲ್ಲ.

ಭೂಗೋಳ ಮಾಸ್ತರ (ಧಾರವಾಡ)

ಹಾವೇರಿಯ ಅಕ್ಕಾವರು ಹೇಳಲಿ. ಗಿಡ ಅವರ ವಿಷಯ.

ವರದಾ ತೀರ (ಹಾವೇರಿ)

ಹೇಳುತ್ತೇನೆ ಸರ್. ಮೊದಲು ಉಣಕಲ್ ಅಣ್ಣಾವರು ನೋಡಿದ ಗಿಡದ ವಿಚಾರ. ಅದು ಡೆಂಡ್ರೊಸೆನೆಸಿಯೊ ಕಿಲಿಮಂಜಾರಿ. ನಮ್ಮ ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬದ್ದೇ. ಸತ್ತ ಎಲೆಗಳು ಅದರ ಕಂಬಳಿ. ಇದೇ ಬಗೆಯ ಬದುಕಿನ ಗಿಡ ಆಂಡೀಸ್‌ನಲ್ಲೂ ಇದೆ, ಎಸ್ಪೆಲೆಟಿಯಾ ಎಂದು. ಅದರ ಒಣ ಎಲೆಗಳನ್ನು ಕಿತ್ತು ನೋಡಿದ ಪ್ರಯೋಗಗಳಿವೆ. ಕಾಂಡದೊಳಗಿನ ತಿರುಳಿನಲ್ಲಿ ಗಿಡ ನೀರು ಕೂಡಿಟ್ಟಿರುತ್ತದೆ. ಬೆಳಗ್ಗೆ ಬಿಸಿಲು ಚುರುಕಾದರೂ ನೆಲ ಇನ್ನೂ ಕೊರೆಯುತ್ತಿರುತ್ತದೆ, ಬೇರಿಗೆ ನೀರು ಎಳೆಯಲಾಗುವುದಿಲ್ಲ. ಆ ಹೊತ್ತಿಗೆ ಎಲೆಗಳಿಗೆ ನೀರು ಕೊಡುವುದು ಈ ತಿರುಳು. ಒಣ ಎಲೆ ಕಿತ್ತರೆ ರಾತ್ರಿ ತಿರುಳು ಹೆಪ್ಪುಗಟ್ಟುತ್ತದೆ, ಗಿಡ ಕ್ರಮೇಣ ಸಾಯುತ್ತದೆ.

ಅಲ್ಲೇ ಹತ್ತಿರದಲ್ಲಿ ಲೊಬೀಲಿಯಾ ಡೆಕೆನಿಯನ್ನೂ ನೀವು ನೋಡಿರಬೇಕು. ಎಲೆಗಳ ಸುತ್ತಿನೊಳಗೆ ನೀರು ನಿಂತಿರುತ್ತದೆ. ರಾತ್ರಿ ಆ ನೀರಿನ ಮೇಲ್ಪದರ ಮಾತ್ರ ಹೆಪ್ಪುಗಟ್ಟುತ್ತದೆ, ಅಡಿಯ ಮೊಗ್ಗು ಸೊನ್ನೆಗಿಂತ ಮೇಲೆಯೇ ಉಳಿಯುತ್ತದೆ. ಹೂವಿಗೆ ಬರುವುದು ಸೂರಕ್ಕಿ. ಆ ಎತ್ತರದಲ್ಲಿ ಸೂರಕ್ಕಿ!

ಈ ಗಿಡಗಳು ಹಗಲಿನ ಬಿಸಿಲು, ರಾತ್ರಿಯ ಹಿಮ ಎರಡಕ್ಕೂ ಒಗ್ಗಿ ಅಲ್ಲೇ ವಿಕಾಸವಾದವು. ಬೇರೆಲ್ಲೂ ಇಲ್ಲ. ಗಾಳಿಯ ಉಷ್ಣತೆ ಪ್ರತಿ 100 ಮೀಟರಿಗೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಹಾಗಾಗಿ ಒಂದು ಡಿಗ್ರಿ ಬಿಸಿ ಹೆಚ್ಚಾದರೆ, ಮೊದಲಿನ ಹವೆಯೇ ಬೇಕು ಎನ್ನುವ ಗಿಡ 160 ಮೀಟರಿನಷ್ಟು ಮೇಲೆ ಹೋಗಬೇಕು. ಬೆಟ್ಟ ಮೇಲೆ ಹೋದಂತೆ ಕಿರಿದಾಗುತ್ತದೆ, ಕೊನೆಗೆ ಮುಗಿಯುತ್ತದೆ. ಪಕ್ಕದ ಬೆಟ್ಟಕ್ಕೆ ಹಾರೋಣವೆಂದರೆ ನಡುವೆ ಹತ್ತಾರು, ಕೆಲವೆಡೆ ನೂರಾರು ಕಿಲೋಮೀಟರ್ ಬಿಸಿ ಬಯಲು.

ಇನ್ನು ಎರೆಹೊಲದ ಕಾಕಾ ಕೇಳಿದ ಪ್ರಶ್ನೆ. ಹಿಮ ಸರಿದಾಗ ಬಯಲಾಗುವುದು ನೆಲವಲ್ಲ, ಬಂಡೆ ಮತ್ತು ಜಲ್ಲಿ. ಮಣ್ಣಿಲ್ಲ. ಸಾರಜನಕವಿಲ್ಲ, ಗಿಡ ಎಳೆದುಕೊಳ್ಳಬಲ್ಲ ರಂಜಕವೂ ಇಲ್ಲ. ಮೊದಲು ಕಲ್ಲುಹೂವು, ಆಮೇಲೆ ಪಾಚಿ, ಗಾಳಿಯಲ್ಲಿ ಹಾರಿ ಬರುವ ಬೀಜದ ಕೆಲವು ಗಿಡ. ವೆನೆಜುವೆಲಾದ ಆ ಕೊನೆಯ ಹಿಮನದಿಯ ಅಂಚಿನಲ್ಲಿ ಮೆರಿದಾ ನಗರದ ವಿಜ್ಞಾನಿಗಳು ಇದನ್ನೇ ದಾಖಲಿಸಿದ್ದಾರೆ. ದಶಕಗಳ ಹಿಂದೆಯೇ ಹಿಮ ಬಿಟ್ಟ ಜಾಗದಲ್ಲೂ ಇನ್ನೂ ವಿರಳ ಸಸ್ಯ. ಕೆಳಗಿನ ಗಿಡಕ್ಕೆ ಹವೆ "ಮೇಲೆ ಬಾ" ಎನ್ನುತ್ತದೆ, ಮೇಲೆ ಕಾಲೂರಲು ಮಣ್ಣಿರುವುದಿಲ್ಲ. ಹವೆ ವರ್ಷಗಳ ಲೆಕ್ಕದಲ್ಲಿ ಏರುತ್ತಿದೆ, ಮಣ್ಣು ಆಗುವುದು ಶತಮಾನಗಳಲ್ಲಿ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ.

ಉಣಕಲ್ ದಂಡೆ (ಹುಬ್ಬಳ್ಳಿ)

ಅಕ್ಕಾವರೇ, ಲೊಬೀಲಿಯಾದ ನೀರಿನ ಮೇಲಿನ ಪದರ ನಾನೇ ಬೆರಳಿನಿಂದ ಒತ್ತಿ ನೋಡಿದ್ದೆ, ಬೆಳಗ್ಗೆ ಗಾಜಿನ ಚೂರಿನಂತೆ ಒಡೆಯಿತು. ಇಬ್ಬನಿ ಹೆಪ್ಪುಗಟ್ಟಿದೆ ಎಂದುಕೊಂಡು ಮುಂದೆ ನಡೆದಿದ್ದೆ.

ಒಂದು ಸಂದೇಹ. ಗಿಡಗಳು ಮೇಲೆ ಹತ್ತುತ್ತಿರುವುದು ನಿಜಕ್ಕೂ ಅಳತೆಗೆ ಸಿಕ್ಕಿದೆಯೇ?

ಭೂಗೋಳ ಮಾಸ್ತರ (ಧಾರವಾಡ)

ಸಿಕ್ಕಿದೆ, ಅದರ ಹಿಂದೆ ಒಂದು ಸೊಗಸಾದ ಜಗಳವೂ ಇದೆ. ಜರ್ಮನಿಯ ನಿಸರ್ಗವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಎಕ್ವಡಾರ್‌ನ ಚಿಂಬೊರಾಸೊ ಹತ್ತಿ, ಯಾವ ಎತ್ತರದಲ್ಲಿ ಯಾವ ಸಸ್ಯ ಎಂದು ಒಂದು ಪ್ರಸಿದ್ಧ ಚಿತ್ರಪಟ ಬರೆದ. 2012ರಲ್ಲಿ ಮತ್ತೆ ಅದೇ ಬೆಟ್ಟ ಹತ್ತಿದ ವಿಜ್ಞಾನಿಗಳು, ಸಸ್ಯಗಳು 500 ಮೀಟರಿಗಿಂತ ಹೆಚ್ಚು ಮೇಲೆ ಹೋಗಿವೆ ಎಂದರು. ಎಲ್ಲ ಪತ್ರಿಕೆಗಳಲ್ಲೂ ಬಂತು. 2019ರಲ್ಲಿ ಇನ್ನೊಂದು ತಂಡ ಹಂಬೋಲ್ಟನ ಹಸ್ತಪ್ರತಿಗಳನ್ನೂ ಒಣಗಿಸಿಟ್ಟ ಸಸ್ಯಗಳನ್ನೂ ತೆಗೆದು ನೋಡಿತು. ಮೇಲಿನ ಎತ್ತರದ ಸಸ್ಯಗಳನ್ನು ಆತ ಬಹುಪಾಲು ಸಂಗ್ರಹಿಸಿದ್ದು ಚಿಂಬೊರಾಸೊದಲ್ಲಲ್ಲ, ಅಂತಿಸಾನಾ ಎಂಬ ಬೇರೆ ಬೆಟ್ಟದಲ್ಲಿ! ಅಲ್ಲಿಗೇ ಹೋಗಿ ಅಳೆದಾಗ ಏರಿಕೆ 215ರಿಂದ 266 ಮೀಟರ್. ಅರ್ಧವಾಯಿತು, ಆದರೆ ಸೊನ್ನೆಯಾಗಲಿಲ್ಲ. ವಾಟ್ಸಾಪ್‌ನಲ್ಲಿ ಇಂದಿಗೂ 500 ಮೀಟರೇ ಓಡುತ್ತಿದೆ.

ಕಪ್ಪತಗುಡ್ಡದ ಸೆರಗು (ಡೋಣಿ)

ನನಗೆ ಕಿಲಿಮಂಜಾರೋದ ಬಗ್ಗೆ ಒಂದು ಕೇಳಬೇಕಿದೆ. ಅಲ್ಲಿ ಹಿಮ ಹೋದದ್ದಕ್ಕೆ ಕೆಳಗಿನ ಕಾಡು ಕಡಿದದ್ದೇ ಕಾರಣ ಎಂದು ಓದಿದ ನೆನಪು. ಹೌದೇ?

ಭೂಗೋಳ ಮಾಸ್ತರ (ಧಾರವಾಡ)

ಅಷ್ಟು ಸರಳವಲ್ಲ. ಕಿಲಿಮಂಜಾರೋದ ತುದಿಯಲ್ಲಿ ಸರಾಸರಿ ಉಷ್ಣತೆ ಸೊನ್ನೆಗಿಂತ ಏಳು ಡಿಗ್ರಿಯಷ್ಟು ಕೆಳಗೆ. ಅಲ್ಲಿ ಹಿಮ ಕರಗಿ ಹರಿಯುವುದಕ್ಕಿಂತ ಬಿಸಿಲಿಗೆ ನೇರವಾಗಿ ಆವಿಯಾಗಿ ಹೋಗುವುದು ದೊಡ್ಡದು. ಗೋಡೆಯಂತೆ ನಿಂತದ್ದು ಅದಕ್ಕೇ. 1880ರ ಆಚೀಚೆಗೆ ಪೂರ್ವ ಆಫ್ರಿಕಾದ ಹವೆ ಒಣಗಿತು, ಹೊಸ ಹಿಮ ಬೀಳುವುದು ಕಡಿಮೆಯಾಯಿತು, ಅಲ್ಲಿಂದ ಶುರು. ಹಿಂದೂ ಮಹಾಸಾಗರ ಬಿಸಿಯಾಗುವುದಕ್ಕೂ ಆ ಒಣಹವೆಗೂ ನಂಟಿದೆ. ಹಾಗಾಗಿ "ಬಿಸಿ ಹೆಚ್ಚಿತು, ಕರಗಿತು" ಎಂಬ ಒಂದೇ ಸಾಲಿನ ಕಥೆಗೆ ಕಿಲಿಮಂಜಾರೋವನ್ನು ಸಾಕ್ಷಿಗೆ ಕರೆಯಬಾರದು. ಅದಕ್ಕೆ ಆಂಡೀಸ್ ಸರಿಯಾದ ಸಾಕ್ಷಿ.

ಕಾಡಿನ ಕಥೆ ಬೇರೆ, ಅದು ಹಿಮಕ್ಕಿಂತ ಮುಖ್ಯ. ಆಂಡ್ರಿಯಾಸ್ ಹೆಂಪ್ ಎಂಬ ಜರ್ಮನ್ ಸಸ್ಯವಿಜ್ಞಾನಿ ಆ ಬೆಟ್ಟದ ಮೇಲೆ ದಶಕಗಳಿಂದ ಕೆಲಸ ಮಾಡಿದವರು. ಹವೆ ಒಣಗಿದಂತೆ ಬೆಂಕಿ ಹೆಚ್ಚಾಗಿ, ಮೇಲಂಚಿನ ಎರಿಕಾ ಮರಗಳ ಕಾಡು ಸುಟ್ಟು, ಕಾಡಿನ ಮೇಲಿನ ಗಡಿ ನೂರಾರು ಮೀಟರ್ ಕೆಳಗೆ ಇಳಿದಿದೆ ಎಂದು ತೋರಿಸಿದರು. ಬಿಸಿ ಏರಿದರೆ ಕಾಡು ಮೇಲೆ ಹತ್ತಬೇಕು ಎನ್ನುತ್ತದೆ ಪಠ್ಯಪುಸ್ತಕ, ಇಲ್ಲಿ ಇಳಿಯಿತು. ಆ ಮರಗಳು ಮಂಜನ್ನು ಎಲೆಯಲ್ಲಿ ಹಿಡಿದು ನೀರಾಗಿ ಇಳಿಸುತ್ತಿದ್ದವು. ಆ ಕಾಡು ಸುಟ್ಟದ್ದರಿಂದ ಬೆಟ್ಟ ಕಳೆದುಕೊಂಡ ನೀರಿನ ಮುಂದೆ ಹಿಮ ಹೋದದ್ದರಿಂದ ಆದ ನಷ್ಟ ಏನೂ ಅಲ್ಲ ಎಂಬುದು ಅವರ ಲೆಕ್ಕ.

ಕಪ್ಪತಗುಡ್ಡದ ಸೆರಗು (ಡೋಣಿ)

ಬೆಂಕಿ ಎಂದಿರಲ್ಲ, ಅಲ್ಲಿಗೆ ನನಗೆ ವಿಷಯ ಹತ್ತಿರವಾಯಿತು. ನಮ್ಮ ಗುಡ್ಡಕ್ಕೆ 2019ರಲ್ಲಿ ವನ್ಯಜೀವಿ ಧಾಮದ ಘೋಷಣೆಯಾಯಿತು, ಗಣಿಯ ಭಯ ಒಂದಿಷ್ಟು ತಗ್ಗಿತು. ಆದರೆ ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದು ನಿಂತಿಲ್ಲ. ಸುತ್ತ ಎಲ್ಲ ಬಯಲುಸೀಮೆ, ನಡುವೆ ಇದೊಂದೇ ಹಸಿರು ಗುಡ್ಡ. ಇಲ್ಲಿನ ಔಷಧಿ ಗಿಡಗಳಿಗೂ ಮೇಲೆ ಹೋಗಲು ಜಾಗವಿಲ್ಲ, ಪಕ್ಕಕ್ಕೆ ಹೋಗಲು ದಾರಿಯಿಲ್ಲ.

ಹಳೇ ಹುಬ್ಬಳ್ಳಿ

ನೀರಿನ ವಿಷಯಕ್ಕೆ ಬನ್ನಿ. ಹಿಮ ಹೋದರೆ ಊರುಗಳಿಗೆ ಕುಡಿಯಲು ನೀರಿರುವುದಿಲ್ಲವೇ?

ವರದಾ ತೀರ (ಹಾವೇರಿ)

ಊರಿನಿಂದ ಊರಿಗೆ ಬೇರೆ. ಬೊಲಿವಿಯಾದ ಲಾ ಪಾಸ್ ನಗರಕ್ಕೆ ಬರುವ ನೀರಿನಲ್ಲಿ ಹಿಮನದಿಗಳ ಪಾಲು ವರ್ಷದ ಲೆಕ್ಕದಲ್ಲಿ ಸುಮಾರು ಶೇ. 15, ಒಣ ತಿಂಗಳುಗಳಲ್ಲಿ ಶೇ. 27 ಎಂದು ಅಂದಾಜು. ಉಳಿದದ್ದೆಲ್ಲ ಮಳೆ. ಒಣ ತಿಂಗಳಿನ ಆ ಕಾಲುಭಾಗವೇ ಪ್ರಾಣ. 2016ರ ಬರದಲ್ಲಿ ಅಲ್ಲಿ ನೀರಿಗೆ ತುರ್ತು ಪರಿಸ್ಥಿತಿ ಬಂದಿತ್ತು. ಪೆರುವಿನ ಸಾಂತಾ ನದಿಯದು ಇನ್ನೊಂದು ಬಗೆ. ಹಿಮ ಜೋರಾಗಿ ಕರಗುತ್ತಿರುವಷ್ಟು ಕಾಲ ಹೊಳೆಯಲ್ಲಿ ನೀರು ಹೆಚ್ಚು, ಜನ ಹೊಸ ಹೊಲ ಮಾಡುತ್ತಾರೆ. ಕರಗಲು ಉಳಿದದ್ದೇ ಕಡಿಮೆಯಾದಾಗ ಹೊಳೆ ಇಳಿಯುತ್ತದೆ. ಆ ಕಣಿವೆಯ ಬಹುತೇಕ ಹೊಳೆಗಳು ಆ ತಿರುವನ್ನು ದಾಟಿಯಾಗಿದೆ.

ಆದರೆ ಕೊಲಂಬಿಯಾದ ಬೊಗೋಟಾ ನೋಡಿ. ಸುಮಾರು ಶೇ. 70ರಷ್ಟು ನೀರು ಚಿಂಗಾಸಾ ಎಂಬ ಎತ್ತರದ ಪ್ರದೇಶದಿಂದ ಬರುತ್ತದೆ, ಅಲ್ಲಿ ಹಿಮನದಿಯೇ ಇಲ್ಲ! ಇರುವುದು ಪಾರಾಮೊ: ಮಂಜು ಕವಿದ ಹುಲ್ಲುಗಾವಲು, ಎಸ್ಪೆಲೆಟಿಯಾ, ಪಾಚಿ, ಕಪ್ಪನೆಯ ಆಳವಾದ ಮಣ್ಣು. ಚಳಿಗೆ ಎಲೆ ಕೊಳೆಯುವುದು ನಿಧಾನ, ಹಾಗಾಗಿ ಸಾವಿರಾರು ವರ್ಷಗಳ ಕಸುವು ಮಣ್ಣಲ್ಲೇ ಕೂಡಿದೆ. ಅದು ನೀರು ಹಿಡಿದು ತಿಂಗಳುಗಟ್ಟಲೆ ಬಿಡುತ್ತದೆ. ಬಿಸಿ ಏರಿದರೆ ಕೊಳೆಯುವುದು ಚುರುಕಾಗುತ್ತದೆ, ಮಣ್ಣು ತೆಳುವಾಗುತ್ತದೆ, ಕೂಡಿದ್ದ ಇಂಗಾಲ ಗಾಳಿಗೆ ಹೋಗುತ್ತದೆ. ಕೆಳಗಿನಿಂದ ಆಲೂಗಡ್ಡೆ ಬೆಳೆಯುವವರು ಮೇಲೆ ಹತ್ತುತ್ತಾರೆ. ಎಸ್ಪೆಲೆಟಿಯಾ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟೇ ಬೆಳೆಯುವ ಗಿಡ. ನನ್ನೆತ್ತರದ ಒಂದನ್ನು ಕಡಿದರೆ ಮತ್ತೆ ನೋಡಲು ನನ್ನ ಮೊಮ್ಮಕ್ಕಳೂ ಇರುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಬೊಗೋಟಾದ ಜಲಾಶಯಗಳು ತಳ ಕಂಡಾಗ ಊರನ್ನು ಒಂಬತ್ತು ಭಾಗ ಮಾಡಿ, ಸರದಿಯ ಮೇಲೆ ಒಂದೊಂದು ಭಾಗಕ್ಕೆ ಒಂದು ದಿನ ನೀರು ನಿಲ್ಲಿಸಿದರು. ಸುಮಾರು ಒಂದು ವರ್ಷ ನಡೆಯಿತು.

ಹಳೇ ಹುಬ್ಬಳ್ಳಿ

ಒಂಬತ್ತು ದಿನಕ್ಕೊಮ್ಮೆ ನೀರು *ನಿಲ್ಲಿಸಿದರೆ* ಅಲ್ಲಿ ಸುದ್ದಿ. ನಮ್ಮ ಓಣಿಯಲ್ಲಿ ನೀರು *ಬಿಟ್ಟರೆ* ಸುದ್ದಿ. ಬೊಗೋಟಾಕ್ಕೆ ವಲಸೆ ಹೋಗಲು ಏನು ಮಾಡಬೇಕು, ತಿಳಿದವರು ತಿಳಿಸಿ.

ಉಣಕಲ್ ದಂಡೆ (ಹುಬ್ಬಳ್ಳಿ)

ಹಿಮ ಕರಗಿದ ನೀರಿನಲ್ಲಿ ಬದುಕುವ ಜೀವಿಗಳೂ ಇರಬೇಕಲ್ಲ?

ವರದಾ ತೀರ (ಹಾವೇರಿ)

ಇವೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಕಲ್ಲಿನಡಿಯ ಹುಳುಗಳು, ಸಣ್ಣ ನೊಣಗಳ ಮರಿಗಳು. ಹಿಮದ ನೀರು ತಣ್ಣಗೆ, ಕದಡಿ, ಹಗಲು ಏರಿ ರಾತ್ರಿ ಇಳಿಯುವಂಥದ್ದು. ಅದಕ್ಕೇ ಹೊಂದಿಕೊಂಡವು ಇವು. ಎಕ್ವಡಾರ್, ಆಲ್ಪ್ಸ್, ಅಲಾಸ್ಕಾ ಮೂರೂ ಕಡೆ ನೋಡಿದ ಅಧ್ಯಯನವೊಂದು 2012ರಲ್ಲಿ ಬಂತು. ಹಿಮನದಿ ಪೂರ್ತಿ ಹೋದರೆ ಆಯಾ ಪ್ರದೇಶದ ಹೊಳೆಗಳ ಇಂಥ ಜೀವಿಗಳಲ್ಲಿ ಶೇ. 11ರಿಂದ 38ರಷ್ಟು ಪ್ರಭೇದಗಳು ಹೋಗುತ್ತವೆ ಎಂದು ಲೆಕ್ಕ ಹಾಕಿತು.

ಲಾಭ ಪಡೆದವೂ ಇವೆ. ಪೆರುವಿನ ವಿಲ್ಕನೋಟಾ ಬೆಟ್ಟಗಳಲ್ಲಿ ಹಿಮ ಬಿಟ್ಟಲ್ಲಿ ಹೊಸ ಹೊಂಡಗಳಾದವು. ಪ್ಲೂರೊಡೆಮಾ ಮಾರ್ಮೊರೇಟಂ ಎಂಬ ಕಪ್ಪೆ ಅವನ್ನು ಹಿಡಿದು ಸುಮಾರು 5,400 ಮೀಟರಿನವರೆಗೂ ಹತ್ತಿತು. ಅದರ ಹಿಂದೆಯೇ ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರವೂ ಹತ್ತಿತು.

ಎರೆಹೊಲ (ನರಗುಂದ)

ತಂಗಿ, ಮಣ್ಣಿನ ಮಾತು ನನಗೆ ಹಿಡಿಸಿತು. ಬರಡು ಹೊಲಕ್ಕೆ ನಾವು ಕುರಿ ತರುಬಿಸುತ್ತೇವೆ. ಹಿಂಡು ರಾತ್ರಿ ಹೊಲದಲ್ಲಿ ಮಲಗಿದರೆ ಹಿಕ್ಕೆ, ಗಂಜಲ ಎರಡೂ ಬೀಳುತ್ತವೆ, ಮುಂದಿನ ಬಿಳಿಜೋಳದಲ್ಲಿ ಅದು ಎದ್ದು ಕಾಣುತ್ತದೆ. ಆ ಜಲ್ಲಿಯ ಮೇಲೆ ಯಾರೂ ಇಂಥದ್ದನ್ನು ಮಾಡಿ ನೋಡಿಲ್ಲವೇ?

ವರದಾ ತೀರ (ಹಾವೇರಿ)

ಕಾಕಾ, ಮಾಡಿದ್ದಾರೆ! ಪೆರುವಿನ ಉರುವಶ್ರಾಜು ಹಿಮನದಿಯ ಮುಂದೆ, 2019ರಿಂದ 2022ರವರೆಗೆ. ವಿಜ್ಞಾನಿಗಳು ಅಲ್ಲಿನ ರೈತರ ಜೊತೆ ಸೇರಿ, ಬೇಲಿ ಹಾಕಿದ ತುಂಡುಗಳಲ್ಲಿ ಲಾಮಾಗಳನ್ನು ಕಟ್ಟಿದರು. ಲಾಮಾ ಇದ್ದ ತುಂಡುಗಳಲ್ಲಿ ಮಣ್ಣಿನ ಇಂಗಾಲ, ಸಾರಜನಕ ಹೆಚ್ಚಾದವು, ಸಸ್ಯದ ಹೊದಿಕೆ ಅರ್ಧಕ್ಕಿಂತ ಹೆಚ್ಚು ಬೆಳೆಯಿತು. ಕೆಳಗೆ ಮೇದ ಹುಲ್ಲಿನ ಬೀಜ ಹಿಕ್ಕೆಯಲ್ಲಿ ಮೇಲೆ ಬಂತು, ಕೂದಲಿಗೆ ಅಂಟಿಕೊಂಡೂ ಬಂತು.

ಎರೆಹೊಲ (ನರಗುಂದ)

ಅಂದರೆ ನಮ್ಮ ಕುರುಬರು ಮಾಡುವ ಕೆಲಸವನ್ನೇ ಅವರು ವಿಜ್ಞಾನಪತ್ರಿಕೆಯಲ್ಲಿ ಬರೆದಿದ್ದಾರೆ.

ಭೂಗೋಳ ಮಾಸ್ತರ (ಧಾರವಾಡ)

ಬೀಗಬೇಡಿ. ಅವು ಚಿಕ್ಕ ಚಿಕ್ಕ ತುಂಡುಗಳು. ಇಡೀ ಪರ್ವತಕ್ಕೆ ಲಾಮಾ ಕಟ್ಟಲಾಗುವುದಿಲ್ಲ. ಹೆಚ್ಚು ದನಕುರಿ ನುಗ್ಗಿಸಿದ ಪಾರಾಮೊಗಳು ಹಾಳಾದದ್ದೂ ಉಂಟು. ಜೊತೆಗೆ ಎಲ್ಲ ಬಂಡೆಯೂ ಒಂದೇ ಅಲ್ಲ. ಅದೇ ಕಾರ್ಡಿಲ್ಲೆರಾ ಬ್ಲಾಂಕಾ ಶ್ರೇಣಿಯ ಪಾಸ್ತೊರುರಿಯಲ್ಲಿ ಹಿಮ ಸರಿದಾಗ ಬಯಲಾದದ್ದು ಗಂಧಕ, ಕಬ್ಬಿಣ ಕೂಡಿದ ಪೈರೈಟ್ ಬಂಡೆ. ಗಾಳಿ, ನೀರು ತಾಗಿದ ಕೂಡಲೇ ಆಮ್ಲವಾಗಿ, ಭಾರಲೋಹಗಳನ್ನು ಕರಗಿಸಿಕೊಂಡು ಹೊಳೆ ತುಕ್ಕುಬಣ್ಣಕ್ಕೆ ತಿರುಗಿದೆ. ಗಣಿಯಿಲ್ಲದೆಯೇ ಗಣಿಯ ನೀರು! ಅಲ್ಲಿ ಲಾಮಾ ಏನು ಮಾಡಬಲ್ಲದು? ಕೆಳಗಿನ ಊರಿನವರು ಜೌಗು ಸಸ್ಯಗಳ ಮಡುಗಳಲ್ಲಿ ಆ ನೀರನ್ನು ಹಾಯಿಸಿ ತಿಳಿ ಮಾಡಲು ಹೆಣಗುತ್ತಿದ್ದಾರೆ.

ಎರೆಹೊಲ (ನರಗುಂದ)

ಆ ಊರಿನವರು ಯಾರ ಮೇಲೂ ದಾವೆ ಹೂಡಲಿಲ್ಲವೇ?

ಭೂಗೋಳ ಮಾಸ್ತರ (ಧಾರವಾಡ)

ಆ ನೀರಿಗಲ್ಲ, ಅದೇ ಸೀಮೆಯ ಒಂದು ಕೆರೆಗೆ. ಹುವಾರಾಸ್ ಊರಿನ ಮೇಲೆ ಪಲ್ಕಕೋಚಾ ಎಂಬ ಹಿಮಕೆರೆ ಇದೆ. 1941ರಲ್ಲಿ ಅದು ಒಡೆದು ಊರಿನ ಮೂರನೇ ಒಂದು ಭಾಗ ಕೊಚ್ಚಿಹೋಗಿತ್ತು. ಹಿಮ ಕರಗಿ ಅದು ಮತ್ತೆ ಹಿಗ್ಗಿದೆ. ಸೌಲ್ ಲುಸಿಯಾನೊ ಲಿಯುಯಾ ಎಂಬ ಅಲ್ಲಿನ ರೈತ 2015ರಲ್ಲಿ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯೂಇ ಮೇಲೆ ಅಲ್ಲಿನ ನ್ಯಾಯಾಲಯದಲ್ಲೇ ದಾವೆ ಹೂಡಿದ. ಜಗತ್ತಿನ ಹೊಗೆಯಲ್ಲಿ ನಿಮ್ಮ ಪಾಲು ಶೇ. 0.47, ತಡೆಗೋಡೆಯ ಖರ್ಚಿನಲ್ಲೂ ಅಷ್ಟು ಕೊಡಿ ಎಂದು. 2025ರ ಮೇ ತಿಂಗಳಲ್ಲಿ ತೀರ್ಪು ಬಂತು. ಆತನ ಮನೆಗೆ ಇರುವ ಅಪಾಯ ಸಾಕಷ್ಟಿಲ್ಲವೆಂದು ದಾವೆ ವಜಾ. ಆದರೆ ಇಂಥ ಕಂಪನಿಗಳನ್ನು ತಾತ್ವಿಕವಾಗಿ ಹೊಣೆ ಮಾಡಬಹುದು ಎಂದು ನ್ಯಾಯಾಲಯ ಒಪ್ಪಿತು.

ಎರೆಹೊಲ (ನರಗುಂದ)

ಹತ್ತು ವರ್ಷವೇ? ಮಹದಾಯಿಯ ಮುಂದೆ ಅದು ಬೇಗ ಮುಗಿಯಿತು ಎನ್ನಬೇಕು.

ಕಪ್ಪತಗುಡ್ಡದ ಸೆರಗು (ಡೋಣಿ)

ಕಾಕಾ, ಕುರಿಯ ವಿಷಯ ಗುಡ್ಡಕ್ಕೆ ಮಾತ್ರ ತರಬೇಡಿ. ನಮ್ಮಲ್ಲಿ ಮಣ್ಣು ಇದೆ, ಹುಲ್ಲೂ ಇದೆ. ಕಷ್ಟ ಇರುವುದು ಅದನ್ನು ಬೆಂಕಿಯಿಂದ ಉಳಿಸಿಕೊಳ್ಳುವುದರಲ್ಲಿ. ಸುಗ್ಗಿ ಮುಗಿದ ಮೇಲೆ ಬೆಂಕಿ ರೇಖೆಯ, ಅಂದರೆ ಬೆಂಕಿ ಹಬ್ಬದಂತೆ ಒಣಹುಲ್ಲಿನ ಪಟ್ಟಿ ತೆಗೆಯುವ ಕೆಲಸಕ್ಕೆ ಊರಿನ ಹುಡುಗರು ಸೇರುತ್ತಾರೆ. ಅಕ್ಕಾವರು ಬಂದು ಸುಟ್ಟ ಇಳಿಜಾರಿನಲ್ಲೂ ಸುಡದ ಇಳಿಜಾರಿನಲ್ಲೂ ಮಳೆಗೆ ಮೊದಲು, ಮಳೆಯ ನಂತರ ಏನೇನು ಚಿಗುರುತ್ತದೆ ಎಂದು ಎಣಿಸಿಕೊಟ್ಟರೆ ಅರಣ್ಯ ಇಲಾಖೆಯವರ ಮುಂದೆ ಇಡಬಹುದು.

ವರದಾ ತೀರ (ಹಾವೇರಿ)

ಖಂಡಿತ ಬರುತ್ತೇನೆ. ಗಿಡ ಎಣಿಸಲು ಒಂದು ಮೀಟರ್ ಚೌಕದ ಚೌಕಟ್ಟು ನಾಲ್ಕು ಮಾಡಿಸಿಟ್ಟಿರಿ, ಬಿದಿರಿನದಾದರೂ ಸಾಕು. ಧಾಮದೊಳಗೆ ಕೆಲಸ ಮಾಡಲು ಅನುಮತಿ ಬೇಕು, ಅರ್ಜಿ ನಾನು ಬರೆಯುತ್ತೇನೆ. ಉಣಕಲ್ ಅಣ್ಣಾವರೇ, ನಿಮ್ಮ ಫೋಟೋಗಳಲ್ಲಿ ಸುಟ್ಟ ಎರಿಕಾ ಮರಗಳಿದ್ದರೆ ಎತ್ತರದ ಸಮೇತ ಇಲ್ಲಿ ಹಾಕಿ.

ಉಣಕಲ್ ದಂಡೆ (ಹುಬ್ಬಳ್ಳಿ)

ಮಚಾಮೆ ದಾರಿಯಲ್ಲಿ ಕಪ್ಪಾದ ಕಾಂಡಗಳ ಫೋಟೋ ಇರಬೇಕು, ಸಂಜೆ ಹುಡುಕಿ ಹಾಕುತ್ತೇನೆ. ಬೆಂಕಿ ರೇಖೆಗೆ ನಾನೂ ಬರುತ್ತೇನೆ.

ಹಳೇ ಹುಬ್ಬಳ್ಳಿ

ನನ್ನನ್ನೂ ಸೇರಿಸಿಕೊಳ್ಳಿ. ಮಾಸ್ತರರ ಕೊನೆಯ ಎರಡು ಬರಹ ಇನ್ನೂ ಓದಿಲ್ಲ, ಈಗಷ್ಟೇ ನಳ ಬಂತು.